ಇಬ್ಬನಿ ಆರುವ ಮುಂಚಿನ ಶಾಲೆ

ಶಿವಲಿಂಗವ್ವ ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ಮದುವೆಯಾದ ಎರಡನೆಯ ವರ್ಷವೇ ಗಂಡ ತೀರಿಕೊಂಡ. ತವರಿನವರು ಶಿಕ್ಷಕಿಯ ತರಬೇತಿ ಕೊಡಿಸಿದರು. ೧೯೭೩ರಲ್ಲಿ, ಖಾನಾಪುರದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ನೇಮಕವಾಯಿತು. ಹೆಡ್‌ಮಾಸ್ತರ ಬಸಲಿಂಗಪ್ಪ ದಿನಾ ಖಾನಾಪುರದಿಂದ ಬಂದು ಹೋಗುವವರು. ಆಕೆ ಮಾತ್ರ ಶಾಲೆಯ ಬಾಜುವಿನ ಕೋಣೆಯಲ್ಲಿ ಉಳಿದಳು.

ಹಾಜರಿ ಕೂಗುವಾಗ ಕುರುಬರ ಓಣಿಯ ಹೆಸರುಗಳಿಗೆ ಯಾರೂ ಓಗೊಡುತ್ತಿರಲಿಲ್ಲ. ಒಂದು ಸಂಜೆ ಆ ಓಣಿಗೆ ಹೋಗಿ ಕಾಡವ್ವ ಎಂಬಾಕೆಯನ್ನು ವಿಚಾರಿಸಿದಳು.

"ಸಾಲಿ ಬ್ಯಾಡ ಅನ್ನಂಗಿಲ್ರಿ ಅಕ್ಕೋರ," ಎಂದಳು ಕಾಡವ್ವ. "ನೀವು ಗಂಟಿ ಹೊಡಿಯೂ ಹೊತ್ತಿಗೆ ನಮ್ಮ ಹುಡುಗರು ಆಡು ಹೊಡಕೊಂಡು ಗುಡ್ಡದಾಗ ಇರ್ತಾವು. ಇಬ್ಬನಿ ಆರೂ ತನಕಾ ಅಷ್ಟ ಮನ್ಯಾಗಿರೂದು."

೧೯೭೬ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರ ಸಭೆ ಸೇರಿತು. ಪ್ರಾಥಮಿಕ ಶಾಲೆಯನ್ನು ಎಷ್ಟರಮಟ್ಟಿಗೆ ಬದಲಿಸಬೇಕು ಎಂಬುದೇ ಅಲ್ಲಿನ ಚರ್ಚೆ. ಪುಸ್ತಕ ಬದಲಿಸಿದರೆ ಸಾಕು, ಉಳಿದದ್ದನ್ನು ಮುಟ್ಟಬಾರದು ಎಂದರು ಹಳಬರು. ತರುಣ ಉಪನ್ಯಾಸಕರೊಬ್ಬರು ಎದ್ದು, ಪರೀಕ್ಷೆ ಬೇಡ, ತರಗತಿಗಳೂ ಬೇಡ, ಬುಡದಿಂದ ಹೊಸದಾಗಿ ಕಟ್ಟಬೇಕು ಎಂದರು. ಅಮೆರಿಕದಲ್ಲೂ ಇದೇ ವಾದ ನಡೆದಿದೆ ಎಂದೂ ಸೇರಿಸಿದರು.

ಹಿಂದಿನ ಸಾಲಿನಿಂದ ಶಿವಲಿಂಗವ್ವ ಎದ್ದು ನಿಂತಳು. "ನಮ್ಮೂರಾಗ ಗಂಟಿ ಹೊಡಿಯೂ ಹೊತ್ತು ಬದಲ ಮಾಡಾಕ ಬಿಡ್ರಿ. ಆಡು ಬಿಡೂದಕ್ಕಿಂತ ಮೊದಲ ಎರಡು ತಾಸು, ಸಂಜಿಗೆ ಒಂದು ತಾಸು. ಅಷ್ಟ ಸಾಕ್ರಿ."

ಸಭೆ ನಕ್ಕಿತು. ಶಿಸ್ತು ಕೆಡುತ್ತದೆ ಎಂದರು ಹಳಬರು. ಉಪನ್ಯಾಸಕರು ಮಾತ್ರ ನಗದೆ, ಮೆಲ್ಲಗೆ ಹೇಳಿದರು: "ಹುಡುಗರು ಆಡು ಕಾಯೂದನ್ನ ನೀವು ಒಪ್ಪಿಕೊಂಡಂಗ ಆತಲ್ರಿ ಬಾಯಾರ. ಇದು ಸುಧಾರಣೆ ಅಲ್ರಿ, ರಾಜಿ."

ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ಆ ಮಾತನ್ನೇ ಮತ್ತೆ ಮತ್ತೆ ತಿರುವಿ ನೋಡಿದಳು.

ಶಾಲಾ ಇನ್‌ಸ್ಪೆಕ್ಟರ್ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರು. ಹಗಲಿನ ಶಾಲೆ ಬಸಲಿಂಗಪ್ಪನವರದು, ಮುಂಜಾವು ಮತ್ತು ಸಂಜೆ ಆಕೆಯದು ಎಂದಾಯಿತು. ಕುರುಬರ ಮಕ್ಕಳು ಕಂಬಳಿ ಹೊದ್ದೇ ಬಂದು ಕುಳಿತರು. ಕೆಲವರು ಅಲ್ಲಿಯೇ ತೂಕಡಿಸುತ್ತಿದ್ದರು. ಅವರು ಗುಡ್ಡಕ್ಕೆ ಹೋದ ಮೇಲೆ ಆಕೆಯ ಹಗಲು ಖಾಲಿ. ಊರವರೆಲ್ಲ ಹೊಲದಲ್ಲಿ. ಗೋಡೆಯಾಚೆಯ ಮಗ್ಗಿ ಕೇಳುತ್ತ ಒಬ್ಬಳೇ ರೊಟ್ಟಿ ಮುರಿಯುತ್ತಿದ್ದಳು. ತಂಗಿ ಕಾಂತಾಳ ಮದುವೆಯಲ್ಲಿ ಅಕ್ಕಿಕಾಳು ಬಿದ್ದೊಡನೆ ಬಸ್ಸು ಹಿಡಿದಳು. "ಒಂದ ರಾತ್ರಿ ಇದ್ದರ ನಿನ್ನ ಸಾಲಿ ಮುಳಗತೈತೇನ?" ಎಂದ ಅವ್ವ ಆಮೇಲೆ ಹಬ್ಬಗಳಿಗೆ ಕರೆಯುವುದನ್ನೇ ಬಿಟ್ಟಳು.

೧೯೮೨ರಲ್ಲಿ ಕಾಡವ್ವನ ಮಗಳು ಭರಮವ್ವ ಏಳನೆಯ ಇಯತ್ತೆ ಪಾಸಾದಳು. ಆ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಹೈಸ್ಕೂಲಿನ ಮಾತೆತ್ತಿದಾಗ ಅವಳಪ್ಪ ಮಾಯಪ್ಪ ತಲೆಯಾಡಿಸಿದ.

"ಖಾನಾಪುರದ ಸಾಲಿ ಹತ್ತೂವರಿಗೆ ಐತ್ರಿ. ನಾವಿಬ್ಬರೂ ಕೂಲಿಗೆ ಹೋಗ್ತೀವ್ರಿ, ಆಡು ಯಾರು ಕಾಯ್ತಾರ? ನಿಮ್ಮಂಗ ಮುಂಜಾನಿ ಇಟ್ಟಿದ್ದರ ಕಳಸ್ತಿದ್ದೆ."

ಇದು ರಾಜಿ ಎಂದಿದ್ದ ಉಪನ್ಯಾಸಕರ ಮಾತು ಖರೇ ಆಗಿತ್ತು. ಆಕೆ ಮಾಯಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು ಗುಡ್ಡದ ಕಡೆ ನೋಡಿದಳು. ಆಮೇಲೆ, "ನಾ ಕಾಯ್ತೀನಿ," ಎಂದಳು.

"ಏನಂದ್ರಿ?"

"ಹಗಲೆಲ್ಲಾ ನನಗ ಕೆಲಸಿಲ್ಲ, ಮಾಯಪ್ಪ. ಆಡು ನಾ ಕಾಯ್ತೀನಿ. ಆಕೀನ ಕಳಸು."

ಬಟ್ಟೆ ವ್ಯಾಪಾರಿಯ ಮಗಳು ಕೈಯಲ್ಲಿ ಕೋಲು ಹಿಡಿದು ಗುಡ್ಡಕ್ಕೆ ಹೋದಳು. ಮೊದಮೊದಲು ಆಡುಗಳು ಆಕೆಯ ಕೂಗಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಊರಿನ ಹೆಂಗಸರು ನಕ್ಕರು. ಬರಬರುತ್ತ ಮಾತಾಡಿಸುವುದನ್ನೂ ಬಿಟ್ಟರು. "ಮಾಸ್ತರಿಕಿ ಮಾನ ಹೋಗತೈತ್ರಿ," ಎಂದರು ಬಸಲಿಂಗಪ್ಪ. "ಹೋಗಬಹುದ್ರಿ ಸರ," ಎಂದು ಆಕೆ ಹೊರಟಳು. ಮಳೆಗಾಲದಲ್ಲಿ ಕಂಬಳಿಯ ಗುಂಗಡಿ ಹೊದ್ದು ಮರದಡಿ ನಿಂತಾಗ, ಸಂಜೆಯವರೆಗೆ ಒಂದು ಮಾತೂ ಆಡದೆ ಬಾಯಿ ಒಣಗಿದಂತಾಗುತ್ತಿತ್ತು. ಆಗ ಮಕ್ಕಳಿಗೆ ಹೇಳುವ ಪಾಠವನ್ನೇ ಜೋರಾಗಿ ಹೇಳಿಕೊಳ್ಳುತ್ತಿದ್ದಳು.

ಯಾರೋ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ೧೯೮೫ರ ಜನವರಿಯಲ್ಲಿ ಬೆಳಗಾವಿಗೆ ವರ್ಗವಾಯಿತು. ಭರಮವ್ವನ ಮೆಟ್ರಿಕ್ ಪರೀಕ್ಷೆ ಇನ್ನೂ ಮುಂದಿತ್ತು. ಹೊರಡುವ ದಿನ ಕಾಡವ್ವ ಕೂಲಿ ಬಿಟ್ಟು ಬಂದು, "ಇನ್ನ ಆಡಿನ ಚಿಂತಿ ನನಗ ಬಿಡ್ರಿ," ಎಂದು ಕೋಲು ಇಸಿದುಕೊಂಡಳು.

ಭರಮವ್ವ ಇಂಗ್ಲಿಷಿನಲ್ಲಿ ನಪಾಸಾಗಿ, ಅಕ್ಟೋಬರಿನಲ್ಲಿ ಪಾಸಾದಳು. ಊರಲ್ಲಿಯೇ ಅಂಗನವಾಡಿ ಕೆಲಸ ಸಿಕ್ಕಿತು. ಮುಂಜಾವಿನ ಶಾಲೆ ಮಾತ್ರ ನಿಂತುಹೋಯಿತು. ಆ ಹೊತ್ತಿಗೆ ಬರುವ ಶಿಕ್ಷಕರು ಸಿಗಲಿಲ್ಲ.

ಬೆಳಗಾವಿಯ ಮಹಾಂತೇಶ ನಗರದ ಬಾಡಿಗೆ ಕೋಣೆಯಲ್ಲಿ ಶಿವಲಿಂಗವ್ವನಿಗೆ ಕತ್ತಲಿರುವಾಗಲೇ ಎಚ್ಚರವಾಗುತ್ತಿತ್ತು. ಹೊಸ ಶಾಲೆಯಲ್ಲಿ ಶಿಕ್ಷಕರು ಬಹಳ ಜನ. ಯಾರ ಜೊತೆಗೂ ಗೆಳೆತನ ಕೂಡಲಿಲ್ಲ. ಒಂದು ಸಲ ಭರಮವ್ವ ತರಬೇತಿಗೆಂದು ಬೆಳಗಾವಿಗೆ ಬಂದವಳು ಹುಡುಕಿಕೊಂಡು ಮನೆಗೆ ಬಂದಳು.

"ಓಣ್ಯಾಗಿನ ಹುಡುಗರು ಮತ್ತ ಗುಡ್ಡಕ್ಕ ಹೊಂಟಾವ್ರಿ ಅಕ್ಕೋರ," ಎಂದಳು. "ಸಂಜಿಗೆ ನಾನ ನಾಕು ಮಂದಿನ್ನ ಓದಾಕ ಕುಂದರಿಸಿಕೊಂತೀನ್ರಿ."

"ಎಲ್ಲಿ?"

"ನಮ್ಮ ಕಟ್ಟಿ ಮ್ಯಾಲ."

ಶಿವಲಿಂಗವ್ವ ರೊಟ್ಟಿ ಬಡಿದು ಉಣ್ಣಲಿಕ್ಕಿದಳು. ಇನ್ನೊಂದು ತಾಸು ಇರು ಎನ್ನಬೇಕೆನ್ನಿಸಿತು. ಆದರೆ ಕಟ್ಟೆಯ ಮೇಲೆ ಹುಡುಗರು ಕಾಯುತ್ತಿರುತ್ತಾರೆ, ಸಂಜೆಯ ಬಸ್ಸು ತಪ್ಪಬಾರದೆಂದು ತಾನೇ ಅವಸರ ಮಾಡಿ ಕಳಿಸಿದಳು.