ಬಾಗಿಲಕ್ಕ ಕಟ್ಟಿದ ಬಿಳಿ ಪಟ್ಟಿ

ಭಾನುವಾರ ಬೆಳಗಿನ ಐದೂವರೆ. ಚರ್ಚಿನ ಪಕ್ಕದ ಬಾಗಿಲು ಬೀಗ ತೆಗೆದರೂ ಜಗ್ಗುವುದಿಲ್ಲ. ಅಡಿಯ ಮರ ಉಬ್ಬಿ ನೆಲ ಕಚ್ಚಿಕೊಂಡಿದೆ. ಹಿಡಿಕೆಯನ್ನು ಒಂದಿಷ್ಟು ಮೇಲಕ್ಕೆತ್ತಬೇಕು, ಎಡ ಭುಜ ಕೊಡಬೇಕು, ಆಮೇಲೆ ಮೊಣಕಾಲಿನಿಂದ ಒಂದು ಗುದ್ದು. "ನಮ್ಮ ಯಜಮಾನ್ರನ್ನ ಎಬ್ಬಿಸಿದ ಹಾಗೇನೇ," ಎನ್ನುತ್ತಾರೆ ಅರವತ್ತೊಂದರ ಬಾಗಿಲಕ್ಕ. "ಮೊದಲು ಮೆತ್ತಗೆ, ಆಮೇಲೆ ಜೋರಾಗಿ." ಬಾಗಿಲು ನರಳುತ್ತಾ ತೆರೆದುಕೊಳ್ಳುತ್ತದೆ. ಒಳಗೆ ಮೇಣದ ವಾಸನೆ, ಹಳೆಯ ಪುಸ್ತಕದ ವಾಸನೆ. ದೀಪ ಹಾಕದೆಯೇ ಸರಸರ ನಡೆದು ಎಂಟೂ ಕಿಟಕಿಗಳನ್ನು ತೆಗೆಯುತ್ತಾರೆ. ಅವರ ಬಗ್ಗೆ ಲೇಖನ ಬರೆಯಲು ಬಂದ ನಾನು ಹಿಂದೆ ಹಿಂದೆ ಹೋಗಿ ಎರಡು ಬೆಂಚಿಗೆ ಎಡವುತ್ತೇನೆ.

ಬಾಗಿಲಕ್ಕ ಅನ್ನುವುದು ಸಭೆಯವರು ಪ್ರೀತಿಯಿಂದ ಇಟ್ಟ ಹೆಸರು. ಇಪ್ಪತ್ತೆಂಟು ವರ್ಷಗಳಿಂದ ಈ ಚರ್ಚಿನ ಕಸ ಗುಡಿಸುವವರು, ನೆಲ ಒರೆಸುವವರು, ಆರಾಧನೆಯ ಹೊತ್ತಿಗೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವವರು ಎಲ್ಲಾ ಇವರೊಬ್ಬರೇ. ಮೂವತ್ತನಾಲ್ಕು ಬೆಂಚು, ಇನ್ನೂರ ಹತ್ತು ಕೀರ್ತನೆ ಪುಸ್ತಕ, ಆರಾಧನೆ ಮುಗಿದ ಮೇಲೆ ನೂರೆಂಬತ್ತು ಕಾಫಿ ಲೋಟ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸವನ್ನು ಮಾತ್ರ ಮನೆಯಲ್ಲಿ ಗಂಡನಿಗೆ ವಹಿಸಿದ್ದಾರೆ. ಬಸ್ ಓಡಿಸಿ ನಿವೃತ್ತರಾದ ಆ ಮಹಾಶಯರು ನನ್ನೆದುರೇ ದೂರು ಕೊಟ್ಟರು: "ನನ್ನ ಮುಖಕ್ಕಿಂತ ಆ ಬೆಂಚುಗಳನ್ನೇ ಜಾಸ್ತಿ ನೋಡಿದಾಳೆ ಇವಳು."

ಬೆಂಚು ಒರೆಸುವುದಕ್ಕೂ ಒಂದು ಕ್ರಮವಿದೆ. ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬರುತ್ತಾರೆ. ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ, ಕೈ ಇಡುವ ಕಟ್ಟಿಗೆಗೆ ಎಣ್ಣೆಯ ಬಟ್ಟೆ ಇನ್ನೊಮ್ಮೆ. ಮಂಡಿ ಹಿಡಿದುಕೊಂಡಿದೆ ಎಂದು ವೈದ್ಯರು ಬಗ್ಗಬೇಡಿ ಎಂದಿದ್ದಾರಂತೆ. "ಬಗ್ಗದೆ ಒರೆಸೋದು ಹೇಗೆ ಅಂತ ಅವರನ್ನೇ ಒಂದಿನ ಕರ್ಕೊಂಡ್ ಬಂದು ಕೇಳ್ಬೇಕು."

ಚರ್ಚಿನ ಹೊರಗೆ ಒಂದು ಫಲಕವಿದೆ: 'ಯಾರೇ ಬನ್ನಿ, ಹೇಗೇ ಇರಿ, ಇಲ್ಲಿ ಜಾಗ ಇದೆ.' ಆರು ವರ್ಷಗಳ ಹಿಂದೆ ಸಭೆಯವರು ಮತ ಹಾಕಿ ನಿರ್ಧರಿಸಿದ ಮಾತಿದು. ಪ್ರೀತಿಸಿ ಜೊತೆಗೆ ಬಾಳುವ ಇಬ್ಬರು ಗಂಡಸರಿರಲಿ, ಇಬ್ಬರು ಹೆಂಗಸರಿರಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವರಿರಲಿ, ಯಾರನ್ನೂ ಪ್ರಭು ಭೋಜನದ ಮೇಜಿನಿಂದ ದೂರ ಇಡುವುದಿಲ್ಲ ಎಂದು ಅಂದು ತೀರ್ಮಾನವಾಯಿತು. ಒಂಬತ್ತು ಗಂಟೆಗೆ ನಾನು ಬಾಗಿಲ ಬಳಿ ನಿಂತು ನೋಡುತ್ತೇನೆ. ಬೀದಿಯಲ್ಲಿ ಮಲಗುವ ಒಬ್ಬರು ಮೂರು ಚೀಲ ಹೊತ್ತು ಬರುತ್ತಾರೆ. ಚೀಲಗಳಿಗೂ ಜಾಗ ಸಿಗುತ್ತದೆ. ಕ್ಷೌರದಂಗಡಿ ನಡೆಸುವ ಹೆಂಗಸೊಬ್ಬರು ತಾವು ಬಿಟ್ಟುಬಂದ ಗಂಡು ಹೆಸರನ್ನು ಸಭೆಯ ದಾಖಲೆ ಪುಸ್ತಕದಲ್ಲಿ ಬಾಗಿಲಕ್ಕನೇ ತಿದ್ದಿ ಬರೆದರೆಂದು ಹೇಳುತ್ತಾರೆ. "ಅಳಿಸಿದ ಗುರುತು ಕಾಣ್ಬಾರ್ದು ಅಂತ ಇಡೀ ಪುಟ ಹೊಸದಾಗಿ ಬರೆದ್ರು. ನನ್ನ ಹೆತ್ತಮ್ಮ ಇವತ್ತಿಗೂ ಹಳೆ ಹೆಸರಲ್ಲೇ ಕರೀತಾಳೆ."

ಬಂದ ಪ್ರತಿಯೊಬ್ಬರಿಗೂ ಬಾಗಿಲಕ್ಕನದು ಒಂದೇ ಪ್ರಶ್ನೆ: "ಎಲ್ಲಿ ಕೂತ್ರೆ ನಿಮಗೆ ಸಮಾಧಾನ?" ಮದುವೆ, ಶವಸಂಸ್ಕಾರಗಳಲ್ಲಿ ಮನೆಯವರಿಗೆಂದು ಮೊದಲೆರಡು ಬೆಂಚಿಗೆ ಬಿಳಿ ಪಟ್ಟಿ ಕಟ್ಟುವುದು ಈ ಚರ್ಚಿನ ಹಳೆಯ ಪದ್ಧತಿ. ಆರು ವರ್ಷಗಳಿಂದ ಬಾಗಿಲಕ್ಕ ಆ ಪಟ್ಟಿಯನ್ನು ಕಟ್ಟಿಲ್ಲ. ಈಗ ಸಭೆ ನಡೆಸುವ ಪಾಸ್ಟರಮ್ಮನಿಗೆ ಇದು ಬಹಳ ಮೆಚ್ಚುಗೆ. "ನಾನು ಓದಿ ಕಲಿತದ್ದನ್ನ ಇವರು ಬಾಗಿಲಲ್ಲಿ ನಿಂತೇ ಕಲ್ತಿದ್ದಾರೆ ನೋಡಿ," ಎನ್ನುತ್ತಾರೆ ನನ್ನೊಡನೆ. ಭಾನುವಾರದ ಪ್ರವಚನದಲ್ಲೂ ಎರಡು ಸಲ ಹೇಳಿದ್ದಾರಂತೆ. ಬಾಗಿಲಕ್ಕ ಆ ಎರಡೂ ಸಲ ಎದ್ದು ಅಡುಗೆಕೋಣೆಗೆ ಹೋಗಿದ್ದರು ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ನಾನೂ ಗಮನಿಸುತ್ತಿರಲಿಲ್ಲ. ಲೇಖನ ಮನಸ್ಸಿನಲ್ಲಿ ಮುಗಿದೇ ಹೋಗಿತ್ತು. ಕೊನೆಗೊಂದು ಚೆಂದದ ಮಾತು ಸಿಕ್ಕರೆ ಮನೆ ದಾರಿ ಹಿಡಿಯೋಣವೆಂದು, ಆರಾಧನೆ ಮುಗಿದ ಮೇಲೆ ಅಡುಗೆಕೋಣೆಯಲ್ಲಿ ಬಾಗಿಲಕ್ಕನ ಪಕ್ಕದಲ್ಲಿ ನಿಂತು ಲೋಟ ಒರೆಸುತ್ತಿದ್ದೆ.

"ಹೊಗಳಿ ಬರೀತೀರಾ?" ಎಂದು ಕೇಳಿದರು.

ಬರೆಯಬೇಕೆಂದೇ ಬಂದಿದ್ದೇನೆ ಎಂದೆ.

"ಹಾಗಾದ್ರೆ ಇದನ್ನೂ ಬರೀಬೇಕು. ಇದನ್ನ ಬಿಟ್ಟು ಬರೆದ್ರೆ ಅದು ಸುಳ್ಳು."

ಹತ್ತು ವರ್ಷಗಳ ಹಿಂದೆ ಬಾಗಿಲಕ್ಕನ ಒಬ್ಬನೇ ತಮ್ಮ ತೀರಿಕೊಂಡ. ನಲವತ್ತು ದಾಟಿತ್ತಷ್ಟೆ. ಹನ್ನೊಂದು ವರ್ಷ ಅವನು ಗೆಳೆಯನೊಬ್ಬನ ಜೊತೆ ಒಂದೇ ಮನೆಯಲ್ಲಿದ್ದ. ಗೆಳೆಯ ಎಂಬುದು ಮನೆಯವರು ಬಳಸುತ್ತಿದ್ದ ಪದ. ಅದಕ್ಕಿಂತ ಹೆಚ್ಚಿನದು ಎಲ್ಲರಿಗೂ ಗೊತ್ತಿತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಆ ಗೆಳೆಯನದು ಕನ್ನಡಕದ ಅಂಗಡಿ. ಕೊನೆಯ ಏಳು ತಿಂಗಳು ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಆಸ್ಪತ್ರೆಯಲ್ಲಿ ಕೂತು, ತಮ್ಮನಿಗೆ ಉಣ್ಣಿಸಿ, ತೊಳೆದು, ಬಟ್ಟೆ ಬದಲಿಸಿದವನು ಆತನೇ.

ಶವಸಂಸ್ಕಾರದ ದಿನ ಎಂದಿನಂತೆ ಮೊದಲೆರಡು ಬೆಂಚಿಗೆ ಪಟ್ಟಿ ಕಟ್ಟಿದವರು ಬಾಗಿಲಕ್ಕ. ಸ್ವಂತ ತಮ್ಮ ಹೋದರೂ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಬಂದವನು ಕನ್ನಡಕದ ಅಂಗಡಿಯವನು. ಜೇಬಿನಿಂದ ತಮ್ಮನ ಕನ್ನಡಕ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿದ್ದವನ ಮುಖಕ್ಕೆ ಹಾಕಿದ. "ಇದಿಲ್ದೆ ಅವನಿಗೆ ಏನೂ ಕಾಣಲ್ಲ ಅಕ್ಕಾ" ಅಂದನಂತೆ. ಹಾಗೇ ತಿರುಗಿ ಮೊದಲ ಬೆಂಚಿನತ್ತ ಹೆಜ್ಜೆ ಇಟ್ಟ.

"'ಅದು ಮನೆಯವರಿಗೆ' ಅಂದೆ. ಅಷ್ಟೇ. 'ಸರಿ ಅಕ್ಕಾ' ಅಂತ ಹೋಗಿ ಕೊನೇ ಬೆಂಚಲ್ಲಿ ಕೂತ. ಒದ್ದೆ ಛತ್ರಿಗಳನ್ನ ಇಡೋ ಜಾಗ ಅದು. ಎರಡು ಬೆಂಚಲ್ಲಿ ಹನ್ನೆರಡು ಜನ ಹಿಡೀತಾರೆ. ನಾವಿದ್ದದ್ದು ಏಳು. ಐದು ಜಾಗ ಖಾಲಿ ಇತ್ತು. ದಿನಾ ಒರೆಸೋಳು ನಾನು, ನಂಗೆ ಗೊತ್ತಿರ್ಲಿಲ್ವಾ?"

ವಯಸ್ಸಾದ ತಾಯಿಗೆ ಹೆದರಿ ಹಾಗೆ ಮಾಡಿರಬಹುದೇ ಎಂದು ನಾನೇ ಒಂದು ನೆಪ ಒದಗಿಸಿದೆ. ಅವರು ತಗೊಳ್ಳಲಿಲ್ಲ.

"ಅಮ್ಮ ಕೂತ ತಕ್ಷಣ ಕೇಳಿದ್ದೇ ಅದು. 'ಆ ಹುಡುಗ ಎಲ್ಲೇ?' ಅಂತ. 'ಹಿಂದೆ ಕೂತಿದಾನೆ' ಅಂದೆ. ಅವನೇ ಹೋಗಿ ಕೂತ ಅಂತ ತಿಳ್ಕೊಂಡ್ಲು ಪಾಪ. ಸಾಯೋವರೆಗೂ ಹಾಗೇ ತಿಳ್ಕೊಂಡಿದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ವರ್ಷದ ನಂತರ ಸಭೆ ಮತ ಹಾಕುವ ದಿನ ಬಂದಾಗಲಾದರೂ ಬಾಗಿಲಕ್ಕ ಕೈ ಎತ್ತಿದರೇ ಎಂದರೆ, ಅದೂ ಇಲ್ಲ. ಪರ ಎತ್ತಿದರೆ ತಮ್ಮನ ವಿಷಯ ಬಾಯಿಗೆ ಬರುತ್ತದೆ, ವಿರೋಧ ಎತ್ತಲು ಮನಸ್ಸು ಒಪ್ಪದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಲೋಟ ತೊಳೀತಾ ಕೂತೆ. ತೊಳೆದ ಲೋಟಾನೇ ಮತ್ತೆ ತೊಳೆದೆ. ಚಪ್ಪಾಳೆ ಕೇಳಿಸ್ತು, ಆಗ ಗೊತ್ತಾಯ್ತು ಏನಾಯ್ತು ಅಂತ." ಹದಿನೇಳು ಮತದ ಅಂತರದಲ್ಲಿ ಬಾಗಿಲು ತೆರೆದುಕೊಂಡಿತು. ಮರುದಿನ ಬಿಳಿ ಪಟ್ಟಿಯನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿಕೊಂಡರು. ಅವರು ಕೇಳುವ ಪ್ರಶ್ನೆ ಹುಟ್ಟಿದ್ದೂ ಆವಾಗಲೇ. ನಾವೆಲ್ಲ ಅದನ್ನು ದೊಡ್ಡ ಮನಸ್ಸು ಎಂದುಕೊಂಡಿದ್ದೇವೆ. ಅವರಿಗೆ ಅದು ಪ್ರತಿ ಭಾನುವಾರ ನೂರೆಂಬತ್ತು ಸಲ ಚುಚ್ಚುವ ಮುಳ್ಳು.

ಕ್ಷಮೆ ಕೇಳಬಹುದಲ್ಲ? ಅಂಗಡಿ ಇದೇ ಊರಿನಲ್ಲಿದೆ, ಎರಡು ಬಸ್ ಬದಲಿಸಿದರೆ ಆಯಿತು. ನಾನು ಹಾಗೆಂದಾಗ ಬಾಗಿಲಕ್ಕ ಕೈ ಒರೆಸಿಕೊಂಡು ತಮ್ಮ ಚೀಲ ತೆರೆದರು. ಒಂದು, ಎರಡು, ಮೂರು, ನಾಲ್ಕು ಕನ್ನಡಕದ ಡಬ್ಬಿ. ಕ್ಷಮೆ ಕೇಳಬೇಕೆಂದೇ ನಾಲ್ಕು ಸಲ ಹೋಗಿದ್ದಾರೆ. ಒಳಗೆ ಹೋದ ಮೇಲೆ ನಾಲಿಗೆ ಏಳುವುದಿಲ್ಲ. "ಕಣ್ಣು ಮಂಜಾಗಿದೆ ಅಂತೀನಿ. ಕೂರಿಸ್ತಾನೆ. 'ಈ ಸಾಲು ಓದಿ ಅಕ್ಕಾ' ಅಂತಾನೆ. ಓದ್ತೀನಿ. 'ಕಣ್ಣು ಹಾಗೇ ಇದೆ, ಹೊಸದು ಬೇಡ' ಅಂತಾನೆ. ಆದ್ರೂ ಮಾಡಿಕೊಡಪ್ಪ ಅಂತೀನಿ. ಒಂದ್ಸಲಾನೂ ಮುಖ ಗಂಟು ಹಾಕ್ಲಿಲ್ಲ. ಬೈದಿದ್ರೆ ಎಷ್ಟೋ ಸುಲಭ ಆಗ್ತಿತ್ತು. ಒಂದ್ಸಲ ಚರ್ಚ್‌ಗೆ ಬಾ ಅಂದೆ. 'ನೋಡೋಣ ಅಕ್ಕಾ' ಅಂದ. ಬರ್ಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರೂ ನಕ್ಕೆವು, ಆಮೇಲೆ ಅವರು ನಲ್ಲಿ ಜೋರಾಗಿ ಬಿಟ್ಟು ಮುಖ ತೊಳೆದುಕೊಂಡರು. ಊರಿಗೆಲ್ಲ ಜಾಗ ತೋರಿಸುವ ಈ ಹೆಂಗಸಿಗೆ ಒಬ್ಬನೇ ಒಬ್ಬನಿಗೆ ಜಾಗ ಕೊಡಲಾಗಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಈ ಪುರವಣಿ ನಿಮ್ಮ ಕೈ ಸೇರುವುದು ಶನಿವಾರ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಮೇಜಿನ ಮೇಲೂ ಇದೇ ಪುರವಣಿ ಇರುತ್ತದೆ, ಬಾಗಿಲಕ್ಕ ನೋಡಿದ್ದಾರೆ. ನಾಳೆ ಭಾನುವಾರಕ್ಕೆ ತಮ್ಮ ಹೋಗಿ ಹತ್ತು ವರ್ಷ. ಆರಾಧನೆಯಲ್ಲಿ ಅವನನ್ನು ನೆನೆಯುತ್ತಾರೆ. ಮಾಡಿದ್ದನ್ನು ಪಾಸ್ಟರಮ್ಮನಿಗೆ ಮೊನ್ನೆ ಹೇಳಿಯಾಗಿದೆ, ಹೇಳಬೇಕಾದವನಿಗೆ ಹೇಳಿಲ್ಲ. "ಅವನಿಗೆ ಹೇಳಬೇಕಾದದ್ದನ್ನು ನನಗೆ ಹೇಳಿ, ಒಂದಕ್ಷರ ಬದಲಿಸದೆ ಇದರಲ್ಲೇ ಬರೆಯುತ್ತೇನೆ," ಎಂದೆ. ಬಾಗಿಲಕ್ಕ ಸೆರಗು ಸರಿಮಾಡಿಕೊಂಡು, ನನ್ನನ್ನಲ್ಲ, ನನ್ನ ಕೈಯ ಪುಸ್ತಕವನ್ನು ನೋಡುತ್ತಾ ಹೇಳಿದರು.

"ಅವತ್ತು ನಿನ್ನನ್ನ ಹಿಂದೆ ಕಳಿಸಿದ್ದು ನಾನಪ್ಪ. ಅಮ್ಮ ಅಲ್ಲ, ಚರ್ಚ್ ಅಲ್ಲ, ನಾನೇ. ತಮ್ಮನಿಗೆ ಇಷ್ಟದ ಕೀರ್ತನೆ ಯಾವ್ದು ಅಂತ ಆಗಿನ ಪಾಸ್ಟರು ಕೇಳಿದಾಗ, ಹತ್ತು ವರ್ಷದ ಹುಡುಗ ಆಗಿದ್ದಾಗ ಹಾಡ್ತಿದ್ದದ್ದನ್ನ ಹೇಳಿಬಿಟ್ಟೆ. ಅದನ್ನೇ ಹಾಡಿ ಕಳಿಸಿದ್ವಿ. ಆಮೇಲೆ ಅವನಿಗೆ ಏನಿಷ್ಟ ಇತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ನಿಂಗೊಬ್ಬನಿಗೇ ಗೊತ್ತು. ನಾಳೆ ಆರಾಧನೆಗೆ ಬಾ. ಎಲ್ಲಿ ಬೇಕಾದ್ರೂ ಕೂತ್ಕೋ, ಬಾಗಿಲಲ್ಲೇ ನಿಂತು ಹೇಳಿ ಹೋದ್ರೂ ಸರಿ. ಯಾವ ಹಾಡು ಅಂತ ಹೇಳಪ್ಪ. ನಾವೆಲ್ಲ ಹಾಡ್ತೀವಿ."