ಕಷ್ಟ ಕಾಣುತ್ತಿಲ್ಲ ಎಂದವರಿಗೆ

ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದರೆ ತಿಪಟೂರಿನಲ್ಲಿ ಮೊದಲು ಕೇಳುವುದೇ ಯಾವ ಚಾನೆಲ್ಲು ಎಂದು. ಯಾವುದೂ ಇಲ್ಲ ಎಂದರೆ ಪಾಪ ಅನ್ನುವ ಹಾಗೆ ನೋಡುತ್ತಾರೆ. ನೋಡಲಿ. ನನ್ನ ಹಿಂದೆ ಚಾನೆಲ್ಲೂ ಇಲ್ಲ, ಕಂಪನಿಯೂ ಇಲ್ಲ. ಊರವರ ಮದುವೆ ವಿಡಿಯೊ ಎಡಿಟ್ ಮಾಡಿ ಬಾಡಿಗೆ ಕಟ್ಟುತ್ತೇನೆ, ಉಳಿದ ಹೊತ್ತಿನಲ್ಲಿ ನನ್ನ ಚಿತ್ರ ನಾನು ಮಾಡುತ್ತೇನೆ.

ಆಗ ನಾನು ಹಿಡಿದು ಕೂತಿದ್ದು ನೊಣವಿನಕೆರೆ ಕಡೆ ಇರುವ ದೊಡ್ಡಮ್ಮನ ಮನೆಯ ಅಟ್ಟವನ್ನು. ಮರದಿಂದ ಇಳಿಸಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಸುಲಿದು ಒಡೆಯುವುದು, ಉಂಡೆ ಕೊಬ್ಬರಿ ಸಿಗುತ್ತದೆ. ಅಲ್ಲಿಯತನಕ ಯಾರ ಆತುರವೂ ನಡೆಯುವುದಿಲ್ಲ. ಆ ಕಾಯುವ ವರ್ಷವೇ ನನ್ನ ಚಿತ್ರ. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟ, ದನ, ಅಟ್ಟ ಎಲ್ಲದರ ಯಜಮಾನಿಕೆ ದೊಡ್ಡಮ್ಮನದೇ. ಹಾಗಾಗಿ ಚಿತ್ರದ ತುಂಬ ಅವಳೇ.

ಯಾವ ದೇಶದ ಸ್ವತಂತ್ರ ನಿರ್ಮಾಪಕರಾದರೂ ಸರಿ ಎಂದು ಹೊರದೇಶದ ಒಂದು ನಿಧಿಯವರು ಅರ್ಜಿ ಕರೆದಿದ್ದರು. ಹಾಕಿದೆ. ಆ ಹಣ ಬಂದರೆ ಸೌಂಡ್ ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಂಡು ವರ್ಷವಿಡೀ ಅಲ್ಲೇ ಚಿತ್ರೀಕರಿಸಬಹುದಿತ್ತು. ಬರದಿದ್ದರೆ ಬಿಡುವಾದ ದಿನ ಬಸ್ಸು ಹತ್ತಿ ಹೋಗಿ ಸಿಕ್ಕಷ್ಟು ಹಿಡಿದು ತರಬೇಕು. ಕೊನೆಯ ಸುತ್ತಿಗೆ ನನ್ನ ಹೆಸರು ಬಂತು. ವಿಡಿಯೊ ಕರೆಯಲ್ಲಿ ಮಾತಾಡೋಣ, ನಿಮ್ಮ ದೊಡ್ಡಮ್ಮನೂ ಸ್ವಲ್ಪ ಹೊತ್ತು ಇರಲಿ ಎಂದರು.

ಇಲ್ಲೇ ಆದದ್ದು ಎಡವಟ್ಟು. ಹೊರದೇಶದವರು ನಿನ್ನನ್ನು ನೋಡಬೇಕಂತೆ ಎಂದಷ್ಟೇ ದೊಡ್ಡಮ್ಮನಿಗೆ ಹೇಳಿದ್ದೆ. ನಮ್ಮ ಕಡೆ ಯಾರಾದರೂ ನೋಡಲು ಬರುತ್ತಾರೆಂದರೆ ಹೇಗೋ ಹಾಗೆ ಅವಳು ಸಿದ್ಧವಾಗಿದ್ದಳು. ಪಡಸಾಲೆ ಸಾರಿಸಿದ್ದಳು. ಮೊಮ್ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆ, ಕೊರಳಲ್ಲಿ ಎರಡೆಳೆ ಸರ. ಲ್ಯಾಪ್‌ಟಾಪಿನ ಮುಂದೆ ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಬೇರೆ. ಪರದೆಯಲ್ಲಿ ಕೂತಿದ್ದ ಮೂವರಿಗೂ ಕಾಫಿ ಆಯ್ತಾ ಎಂದು ವಿಚಾರಿಸಿದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ನಕ್ಕರು, ನಾನೂ ನಕ್ಕೆ. ಕೆಲಸ ಆಯಿತು ಎಂದುಕೊಂಡೆ.

ಮಾರನೆಯ ದಿನ ಮೂವರಲ್ಲಿ ಒಬ್ಬಾಕೆ ಫೋನ್ ಮಾಡಿದರು. ತುಂಬಾ ನಯವಾದ ಮಾತು. ಚಿತ್ರ ಎಲ್ಲರಿಗೂ ಹಿಡಿಸಿದೆ, ಆದರೆ ನಿಮ್ಮ ದೊಡ್ಡಮ್ಮ ಅನುಕೂಲಸ್ಥರ ಹಾಗೆ ಕಂಡರು, ಕಷ್ಟ ಕಾಣುತ್ತಿಲ್ಲ ಎಂದರು. ಕೆಲಸದ ಬಟ್ಟೆಯಲ್ಲಿ, ಗಂಡನ ಸಾವಿನ ಬಗ್ಗೆ ಆಕೆ ಮಾತಾಡುವ ಒಂದು ಚಿಕ್ಕ ತುಣುಕು ಕಳಿಸಿ, ಮಿಕ್ಕಿದ್ದು ನನಗೆ ಬಿಡಿ ಎಂದರು. ಮೈ ಉರಿದುಹೋಯಿತು. ಒಳ್ಳೆ ಸೀರೆ ಉಟ್ಟವಳಿಗೆ ಕಷ್ಟ ಇರುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು? ಆದರೂ ಬಾಯಲ್ಲಿ ಬಂದದ್ದು ಆಗಲಿ ಮೇಡಂ ಎಂದೇ. ಹಣ ಬೇಕಿತ್ತಲ್ಲ.

ಬಸ್ಸು ಹತ್ತಿ ಹೋದೆ. ದೊಡ್ಡಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಸುತ್ತಿ ಬಳಸಿ, ತಡವರಿಸಿ, ಹೇಗೋ ವಿಷಯ ಹೇಳಿ ಮುಗಿಸಿದೆ. ಅವಳು ಕೈಯ ಹುಲ್ಲನ್ನು ಪೂರ್ತಿ ಹಾಕಿದ ಮೇಲೇ ನನ್ನ ಕಡೆ ತಿರುಗಿದ್ದು.

"ಕಷ್ಟ ಇಲ್ದೆ ಇರೋರು ಯಾರೇ ಇದಾರೆ? ಅದ್ನ ಮೈಮೇಲೆ ಉಟ್ಕಂಡು ತಿರುಗ್ಬೇಕಾ?" ಅಂದಳು. ಕೈಗೆ ಅಂಟಿದ ಹುಲ್ಲು ಕೊಡವಿ, "ನಿಂಗೆ ಬೇಕೇ ಬೇಕು ಅಂದ್ರೆ ಉಟ್ಕತೀನಿ ಬುಡು. ನಿನ್ ಕೆಲ್ಸ ಕೆಡೋದ್ ಬ್ಯಾಡ."

ಬೇಡ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಒಳಗೆ ಹೋಗಿ ಸೆರಗು ಹರಿದ ಸೀರೆ ಉಟ್ಟು, ಸರ ಬಿಚ್ಚಿಟ್ಟು ಬಂದು ನಾನು ತೋರಿಸಿದ ಕಡೆ ಗೋಡೆಗೆ ಒರಗಿ ಕೂತಳು. ಕ್ಯಾಮೆರಾದಲ್ಲಿ ನೋಡಿದೆ. ಆ ಫೋನಿನಾಕೆ ಕೇಳಿದ್ದು ಅಚ್ಚುಕಟ್ಟಾಗಿ ಅಲ್ಲಿತ್ತು.

"ಯಾವ್ ಕಡೆ ನೋಡ್ಲೇ?" ಅಂತ ದೊಡ್ಡಮ್ಮ ಕೇಳಿದಳು.

ನಾನು ಚಿತ್ರೀಕರಿಸುತ್ತಿದ್ದ ಅಷ್ಟು ತಿಂಗಳಲ್ಲಿ ಅವಳು ಆ ಮಾತು ಕೇಳಿರಲಿಲ್ಲ. ಕ್ಯಾಮೆರಾ ಎಲ್ಲಿದೆ ಎಂಬುದೇ ಅವಳಿಗೆ ಲೆಕ್ಕಕ್ಕಿರಲಿಲ್ಲ. ಅಡ್ಡ ನಿಂತರೆ ಪಕ್ಕಕ್ಕೆ ಸರಿಯೇ ಎಂದು ಗದರುತ್ತಿದ್ದಳು. ಈಗ ಶಾಲೆಯ ಮಗುವಿನ ಹಾಗೆ ಕೈಕಟ್ಟಿ ಕೂತು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕ್ಯಾಮೆರಾ ಆರಿಸಿದೆ.

"ಹೋಗು, ಸೀರೆ ಬದಲಾಯ್ಸು," ಅಂದೆ.

"ದುಡ್ಡು?"

"ಹಾಳಾಗೋಗ್ಲಿ ಬುಡು ದೊಡ್ಡಮ್ಮ."

ಅಲ್ಲೇ ಜಗಲಿಯ ಮೇಲೆ ಕೂತು ಉತ್ತರ ಬರೆದೆ. ನೀವು ನೋಡಿದ ಹೆಂಗಸೇ ನನ್ನ ಚಿತ್ರದಲ್ಲಿರುವ ಹೆಂಗಸು, ಬೇರೆಯವಳು ನನ್ನ ಹತ್ತಿರ ಇಲ್ಲ ಎಂದು. ನಯವಾಗಿ ಬರೆಯುವ ಗೋಜಿಗೆ ಹೋಗಲಿಲ್ಲ. ವಿಷಾದವಿದೆ ಎಂದು ಅವರ ಮರುಪತ್ರ ಬಂತು. ನನಗೆ ವಿಷಾದ ಇರಲಿಲ್ಲ.

ಈಗ ಮದುವೆಯಿಲ್ಲದ ದಿನ ಹೋಗಿ ಚಿತ್ರೀಕರಿಸುತ್ತೇನೆ, ಸೌಂಡ್ ಕೂಡ ನಾನೇ. ಅರ್ಜಿ ಹಾಕುವುದನ್ನೂ ಬಿಟ್ಟಿಲ್ಲ. ಕೇಳುವುದು ನನ್ನ ಹಕ್ಕು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದೊಡ್ಡಮ್ಮ ಅಟ್ಟದಲ್ಲಿ ಇಲಿ ಕಡಿದ ಕಾಯಿ ಆರಿಸುತ್ತಾ, ಯಾರೂ ಕೇಳದೆ ದೊಡ್ಡಪ್ಪನ ಮಾತು ತೆಗೆದಳು. ಆಸ್ಪತ್ರೆಯಲ್ಲಿ ಅವನು ಕೊನೆಗೆ ಅವಳ ಹತ್ತಿರ ಏನು ಕೇಳಿದ, ಅವಳು ಏನೆಂದಳು, ಎಲ್ಲ. ಕ್ಯಾಮೆರಾ ಓಡುತ್ತಿತ್ತು. ಆರಿಸಲೇನು ಎಂದು ಕೇಳಿದೆ.

"ಇರ್ಲಿ ಬುಡು. ಇವತ್ತು ನಾನೇ ಯೋಳ್ತಾ ಇದೀನಲ್ಲ," ಅಂದಳು.

ಆ ತುಣುಕು ನನ್ನ ಹತ್ತಿರವೇ ಇದೆ. ಯಾವ ಅರ್ಜಿಯ ಜೊತೆಗೂ ಅದನ್ನು ಕಳಿಸುವುದಿಲ್ಲ.