ಗರುಗದ ಸೊಪ್ಪಿನ ಅಜ್ಜಿ

ನಮ್ಮ ಹಿಂದಿನ ಬೀದಿಯ ಅಜ್ಜಿಯ ಬಲಗೈಯ ಮೂರು ಬೆರಳು ಸದಾ ಕಪ್ಪಗಿರುತ್ತಿದ್ದವು. ಉಗುರಿನ ಸಂದಿಯ ಕಪ್ಪಂತೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದು ಗರುಗದ ಸೊಪ್ಪಿನ ಕಪ್ಪು. ಕೆರೆಯಂಚಿನ ಹಸಿ ನೆಲದಲ್ಲಿ, ಗದ್ದೆಯ ಬದುವಿನಲ್ಲಿ ಪುಟ್ಟ ಬಿಳಿ ಹೂ ಬಿಟ್ಟುಕೊಂಡು ಯಾರಿಗೂ ಬೇಡದ ಹಾಗೆ ಬೆಳೆಯುವ ಗಿಡ. ಅರೆಯುವಾಗ ಹಸಿರಾಗಿರುವ ರಸ ನೋಡನೋಡುತ್ತ ಕಪ್ಪಾಗುತ್ತದೆ. ಅದನ್ನು ಎಣ್ಣೆಗೆ ಹಾಕಿ ಕಾಯಿಸಿ ತಲೆಗೆ ಹಚ್ಚುವುದು ಸೂಳಗಿರಿ ಸುತ್ತ ಎಲ್ಲರಿಗೂ ಗೊತ್ತು. ಅಜ್ಜಿ ಕಾಮಾಲೆಗೆ ಕೊಡುತ್ತಿದ್ದರು. ಮೂರು ಬೆಳಗ್ಗೆ, ಬರಿಹೊಟ್ಟೆಗೆ, ಮಜ್ಜಿಗೆಯಲ್ಲಿ ಕದಡಿ. ಆ ಮೂರು ದಿನ ಊಟದಲ್ಲಿ ಉಪ್ಪು, ಎಣ್ಣೆ ಮುಟ್ಟಬಾರದು. ಕೆರೆಯ ನೀರು ನೊರೆಗಟ್ಟತೊಡಗಿದ ಮೇಲೆ ಅಲ್ಲಿಯ ಸೊಪ್ಪು ಕೀಳುವುದನ್ನು ನಿಲ್ಲಿಸಿ, ಹಿತ್ತಲಲ್ಲಿ ಬಾವಿಯ ಪಕ್ಕವೇ ನಾಲ್ಕು ಗಿಡ ನೆಟ್ಟುಕೊಂಡಿದ್ದರು. ನಿಮ್ಮ ಕೈಗುಣ ಎಂದು ಯಾರಾದರೂ ಹೊಗಳಿದರೆ, ಕೈಯಲ್ಲೇನಿದೆ, ಕಣ್ಣು ನೆಟ್ಟಗಿರಬೇಕು ಎನ್ನುತ್ತಿದ್ದರು.

ಮದ್ದು ಕೊಡುವವರಿಗೂ ಒಂದು ಕಟ್ಟಳೆಯಿತ್ತು. ರೋಗಿಯ ಮನೆಯವರು ಹೊಸಿಲಿಗೆ ಬಂದು ಬಾಯಿಬಿಟ್ಟು ಕೇಳಬೇಕು. ಕೇಳದವರಿಗೆ ಕೊಟ್ಟರೆ ನಾಟುವುದಿಲ್ಲ ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರಂತೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು, ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ. ನಾಲ್ಕಕ್ಷರ ಕಲಿತ ಜಂಬ ಬೇರೆ. ಒಮ್ಮೆ ನಲ್ಲಿಯ ಹತ್ತಿರ, ಅಜ್ಜಿಗೆ ಕೇಳಿಸುವ ಹಾಗೇ, ಸೊಪ್ಪು ತಿಂದು ಕಾಯಿಲೆ ಹೋಗುವುದಾದರೆ ದನಗಳಿಗೆ ಕಾಯಿಲೆಯೇ ಬರಬಾರದಿತ್ತು ಎಂದುಬಿಟ್ಟೆ. ಹೆಂಗಸರು ನಕ್ಕರು. ಅಜ್ಜಿ ಬಿಂದಿಗೆ ಎತ್ತಿಕೊಂಡು ಹೋದರು.

ಮರುವರ್ಷ ನನ್ನ ಆರು ವರ್ಷದ ಮಗಳ ಕಣ್ಣು ಹಳದಿಯಾಯಿತು. ಅಂಗಡಿಯ ಮಾತ್ರೆ ನುಂಗಿಸಿ, ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ. ಅಜ್ಜಿಯನ್ನು ಕೇಳು ಎಂದು ಅತ್ತೆ ಎರಡು ಸಲ ಹೇಳಿದರು. ಆ ಹೊಸಿಲು ತುಳಿಯಲು ನನಗೆ ಮುಖವಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಜ್ಜಿಯೇ ಬಂದರು, ಒದ್ದೆ ಬಟ್ಟೆಯಲ್ಲಿ ಸೊಪ್ಪು ಸುತ್ತಿಕೊಂಡು. ಮಗುವಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಮುಟ್ಟಿದರು, ಹೆಸರು ಹಿಡಿದು ಕರೆದರು. ಮಗು ಬಹಳ ತಡವಾಗಿ ಓಗೊಟ್ಟಿತು. ಅಜ್ಜಿ ಗಂಟು ಬಿಚ್ಚಲೇ ಇಲ್ಲ.

“ಇದು ನನ್ ಸೊಪ್ಪಿಗೆ ಬಗ್ಗೋದಲ್ಲ. ಈಗ್ಲೇ ಕೃಷ್ಣಗಿರಿ ದೊಡ್ಡಾಸ್ಪತ್ರೆಗೆ ಎತ್ಕೊಂಡ್ ನಡಿ” ಎಂದರು.

ಆಟೋದಲ್ಲಿ ಮಗುವನ್ನು ತಮ್ಮ ಮಡಿಲಲ್ಲೇ ಮಲಗಿಸಿಕೊಂಡರು. ನಾನು ಕೇಳದಿದ್ದರೂ ಯಾಕೆ ಬಂದಿರಿ ಎಂದೆ. ಅಜ್ಜಿ ರಸ್ತೆಯ ಕಡೆ ನೋಡುತ್ತ ಹೇಳಿದರು:

“ನನ್ ತಂಗೀಗೂ ಹಿಂಗೇ ಆಗಿತ್ತು. ಬಾವಿ ನೀರಿನ ಪಾಳೀಗೆ ಜಗಳ ಆಡ್ಕೊಂಡಿದ್ವಿ. ಅವಳೇ ಬಂದು ಕೇಳ್ಲಿ ಅಂತ ಕೂತಿದ್ದೆ ಕಣಮ್ಮ. ಅವಳು ಕೇಳ್ಲಿಲ್ಲ, ನಾನು ಹೋಗ್ಲಿಲ್ಲ.”

ಆ ತಂಗಿ ಹದಿನೈದು ದಿನವೂ ಉಳಿಯಲಿಲ್ಲವೆಂದು ಆಮೇಲೆ ಅತ್ತೆಯಿಂದ ತಿಳಿಯಿತು. ತಂಗಿ ಹೋದಂದಿನಿಂದ ಅಜ್ಜಿ ಆ ಕಟ್ಟಳೆಯನ್ನು ಬಿಟ್ಟೇಬಿಟ್ಟಿದ್ದರು. ಎಲ್ಲಿ ಯಾರ ಕಣ್ಣು ಹಳದಿಯೆಂದು ಕೇಳಿದರೂ ತಾವೇ ಹೊರಡುತ್ತಿದ್ದರು.

ನನ್ನ ಮಗಳು ಉಳಿದಳು. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಈಗ ಅವಳು ಒಂಬತ್ತನೆಯ ತರಗತಿ.

ಕಳೆದ ಕಾರ್ತಿಕದಲ್ಲಿ ಅಜ್ಜಿ ಹೋದರು. ಮೈ ತೊಳೆಯುವಾಗ ಆ ಕೈಯನ್ನು ನಾನು ತೊಳೆದೆ. ಕಪ್ಪು ಹೋಗಲಿಲ್ಲ. ಬೆರಳು ಒಂದೊಂದಾಗಿ ಒರೆಸುತ್ತ, ನಲ್ಲಿಯ ಹತ್ತಿರ ಆಡಿದ ಮಾತಿಗೆ ತಪ್ಪಾಯಿತು ಅಜ್ಜಿ ಎಂದೆ. ಎಂಟು ವರ್ಷ ಅದೇ ನಲ್ಲಿಯಲ್ಲಿ ಇಬ್ಬರೂ ನೀರು ಹಿಡಿದಿದ್ದೆವು. ಅವರು ಬದುಕಿದ್ದಾಗ ಹೇಳಿರಲಿಲ್ಲ.